ಯಾವ ನೀರಿನಲ್ಲಿ?

ಬಿ.ಎ. ಓದುವವನಿಗೆ ರಸಾಯನಶಾಸ್ತ್ರದ ಗೊಡವೆ ಏತಕ್ಕೆಂದು ಮಿತ್ರರು ಕೇಳಿಯಾರು. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗನು. ಊರಿನ ಹಿರಿಯರು ಗೊಬ್ಬರದ ಚೀಟಿಯನ್ನಾಗಲಿ, ಔಷಧಿಯ ಚೀಟಿಯನ್ನಾಗಲಿ ನನ್ನ ಕೈಗೇ ಕೊಡುತ್ತಾರೆ. ಅವರ ಪಾಲಿಗೆ ಕಲೆ ಬೇರೆ, ವಿಜ್ಞಾನ ಬೇರೆ ಅಲ್ಲ, ಓದಿದವನು ಓದಿದವನೇ.

ಬೇಸಾಯಕ್ಕೆಂದು ಮಾರುವ ನೀರುಹೀರುವ ಪುಡಿಯನ್ನೇ ತೆಗೆದುಕೊಳ್ಳೋಣ. ತನ್ನ ತೂಕದ ನೂರಾರು ಪಟ್ಟು ನೀರನ್ನು ಅದು ಹಿಡಿಯುವುದೆಂದು ಹೇಳಿಕೆ. ಇದು ಸುಳ್ಳಲ್ಲ, ಆದರೆ ಅರ್ಧ ಮಾತು. ಈ ಪುಡಿ ನೀರು ಕುಡಿದಾಗ ಜೆಲ್ ಆಗುತ್ತದೆ. ಉದ್ದನೆಯ ಅಣುಸರಪಳಿಗಳು ಗಂಟುಬಿದ್ದು ಬಲೆಯಾಗಿವೆ. ಸರಪಳಿಗಳ ಮೇಲೆ ಋಣ ವಿದ್ಯುದಂಶವಿದೆ. ಅದನ್ನು ಸರಿದೂಗಿಸುವ ಸೋಡಿಯಂ ಅಯಾನುಗಳು ಬಲೆಯೊಳಗೇ ಸೆರೆಯಾಳುಗಳು. ಇವುಗಳ ಅಭಿಸರಣ ಒತ್ತಡವೇ ನೀರನ್ನು ಒಳಕ್ಕೆಳೆದು ಬಲೆಯನ್ನು ಉಬ್ಬಿಸುತ್ತದೆ. ಬಲೆಯ ರಬ್ಬರಿನಂಥ ಬಿಗಿತ ಅದನ್ನು ತಡೆಯುತ್ತದೆ.

ಇಂಥ ಹಗ್ಗಜಗ್ಗಾಟದಲ್ಲಿ ಹಠಾತ್ ಬದಲಾವಣೆ ಸಾಧ್ಯವೆಂದು 1968ರಲ್ಲೇ ಡುಶೆಕ್ ಮತ್ತು ಪ್ಯಾಟರ್ಸನ್ ಲೆಕ್ಕಹಾಕಿ ಹೇಳಿದ್ದರು. ಜಪಾನಿನ ತೊಯೊಯಿಚಿ ತನಾಕಾ ಅವರು ಅಮೆರಿಕದ ಮ್ಯಾಸಚೂಸೆಟ್ಸ್ ತಾಂತ್ರಿಕ ಸಂಸ್ಥೆಯಲ್ಲಿದ್ದಾಗ, 1978ರಲ್ಲಿಯೂ 1980ರಲ್ಲಿಯೂ ಅದನ್ನು ಪ್ರಯೋಗದಿಂದ ತೋರಿಸಿದರು. ಪಾಲಿಅಕ್ರಿಲಮೈಡ್ ಜೆಲ್ಲನ್ನು ಅವರು ನೀರು-ಅಸಿಟೋನ್ ಮಿಶ್ರಣದಲ್ಲಿಟ್ಟರು. ಸರಪಳಿಗಳಿಗೆ ಅಸಿಟೋನ್ ಒಗ್ಗದು; ಅದರ ಪಾಲು ಏರಿದಂತೆ ಅವು ತಮ್ಮತಮ್ಮಲ್ಲೇ ಕೂಡಿಕೊಳ್ಳಬಯಸುತ್ತವೆ. ವಿದ್ಯುದಂಶವಿಲ್ಲದ ಜೆಲ್ ಮೆಲ್ಲಮೆಲ್ಲನೆ ಕುಗ್ಗಿತು. ವಿದ್ಯುದಂಶವು ಹೆಚ್ಚಾಗಿದ್ದ ಜೆಲ್ಲಾದರೋ ಬಹಳ ಹೊತ್ತು ಸಹಿಸಿಕೊಂಡು, ಒಂದು ಎಲ್ಲೆ ದಾಟಿದೊಡನೆ ಥಟ್ಟನೆ ನೂರಾರು ಪಟ್ಟು ಕುಗ್ಗಿತು. ಅಸಿಟೋನ್ ಕಡಮೆಮಾಡಿದರೆ ಮತ್ತೆ ಉಬ್ಬುವುದು.

ಹೊಲದಲ್ಲಿ ಅಸಿಟೋನ್ ಎಲ್ಲಿ ಬಂತು ಎನ್ನದಿರಿ. ಅಲ್ಲಿ ಉಪ್ಪೇ ಆ ಕೆಲಸ ಮಾಡುತ್ತದೆ. ನೀರಿನಲ್ಲಿ ಉಪ್ಪಿದ್ದರೆ ಒಳಗಿಗೂ ಹೊರಗಿಗೂ ಅಂತರ ತಗ್ಗಿ ಎಳೆತ ಸಡಿಲಾಗುತ್ತದೆ. ಗಡಸು ನೀರಿನ ಕ್ಯಾಲ್ಸಿಯಂ ಇನ್ನೂ ಕಠಿಣ: ಒಂದೊಂದು ಅಯಾನು ಎರಡೆರಡು ಸೋಡಿಯಂಗಳನ್ನು ಹೊರದಬ್ಬಿ, ಸರಪಳಿಗಳನ್ನೂ ಬಿಗಿಯುತ್ತದೆ. ಬಟ್ಟಿಯಿಳಿಸಿದ ನೀರನ್ನು ನೂರಾರು ಪಟ್ಟು ಹೀರಿದ ಪುಡಿ, ಉಪ್ಪು ನೀರಿನಲ್ಲಿ ಕೆಲವೇ ಹತ್ತುಗಳಿಗೆ ಇಳಿಯಬಹುದು. ನಮ್ಮ ಬಯಲುಸೀಮೆಯ ಅನೇಕ ಕೊಳವೆಬಾವಿಗಳ ನೀರು ಗಡಸಾದುದು ಎಂಬುದನ್ನು ಯಾರೂ ಅಲ್ಲಗಳೆಯಲಾರರು.

ಆದುದರಿಂದ ನನ್ನ ಅಭಿಪ್ರಾಯವಿಷ್ಟೆ: ಪೊಟ್ಟಣದ ಮೇಲೆ "ಎಷ್ಟು ಪಟ್ಟು" ಎಂಬುದರ ಪಕ್ಕದಲ್ಲಿ "ಯಾವ ನೀರಿನಲ್ಲಿ" ಎಂಬುದೂ ಕನ್ನಡದಲ್ಲಿ ಅಚ್ಚಾಗತಕ್ಕದ್ದು. ಅಲ್ಲಿಯವರೆಗೆ ರೈತನು ಹಣ ಸುರಿಯುವ ಮುನ್ನ ಒಂದು ಚಮಚ ಪುಡಿಯನ್ನು ತನ್ನ ಬಾವಿಯ ನೀರಿನಲ್ಲೇ ನೆನೆಸಿ, ಸೋಸಿ, ತೂಗಿ ನೋಡಲಿ. ಅದಕ್ಕೆ ಪ್ರಯೋಗಶಾಲೆ ಬೇಡ, ತಕ್ಕಡಿ ಸಾಕು.