ಮೇಷ್ಟ್ರಿಗೆ ಪರೀಕ್ಷೆ ಸರಿ, ತಯಾರಿ ಯಾರ ಹೊಣೆ?

ಇಪ್ಪತ್ತು ವರ್ಷ ಪಾಠ ಹೇಳಿದ ಮೇಷ್ಟ್ರು ಈಗ ತಾವೇ ಪರೀಕ್ಷೆಗೆ ಕೂರಬೇಕಾಗಿದೆ. ಮಹಾರಾಷ್ಟ್ರ, ತಮಿಳುನಾಡಿನ ಪ್ರಕರಣಗಳಲ್ಲಿ ಸುಪ್ರೀಂ ಕೋರ್ಟ್ 2025ರ ಸೆಪ್ಟೆಂಬರ್ 1ರಂದು ಕೊಟ್ಟ ತೀರ್ಪಿನ ಸಾರ ಇದು: ಒಂದರಿಂದ ಎಂಟನೇ ತರಗತಿಗೆ ಕಲಿಸುವವರಲ್ಲಿ ನಿವೃತ್ತಿಗೆ ಐದು ವರ್ಷಕ್ಕಿಂತ ಹೆಚ್ಚು ಇರುವವರು ಎರಡು ವರ್ಷದೊಳಗೆ ಟಿಇಟಿ, ಅಂದರೆ ಶಿಕ್ಷಕರ ಅರ್ಹತಾ ಪರೀಕ್ಷೆ ಪಾಸಾಗಬೇಕು, ಇಲ್ಲವಾದರೆ ಸೇವೆ ಬಿಡಬೇಕು. ಅದಕ್ಕಿಂತ ಕಡಿಮೆ ಅವಧಿ ಉಳಿದವರಿಗೆ ವಿನಾಯಿತಿ ಇದೆ, ಆದರೆ ಬಡ್ತಿ ಬೇಕೆಂದರೆ ಅವರಿಗೂ ಟಿಇಟಿ ಬೇಕು. ಅಲ್ಪಸಂಖ್ಯಾತ ಸಂಸ್ಥೆಗಳ ಪ್ರಶ್ನೆಯನ್ನು ದೊಡ್ಡ ಪೀಠಕ್ಕೆ ಬಿಡಲಾಗಿದೆ.

ಅರ್ಹತೆ ಕೇಳುವುದು ತಪ್ಪಲ್ಲ. ಶಿಕ್ಷಕರ ತರಬೇತಿ ಕಾಲೇಜುಗಳೆಲ್ಲ ಒಂದೇ ಗುಣಮಟ್ಟದವಲ್ಲ. ಅವುಗಳ ಪ್ರಮಾಣಪತ್ರದ ಜೊತೆಗೆ ಎಲ್ಲರಿಗೂ ಒಂದೇ ಅಳತೆಗೋಲು ಇರಲೆಂದೇ 2010ರಲ್ಲಿ ಟಿಇಟಿ ಕಡ್ಡಾಯವಾಯಿತು. ಬಡವರ ಮಗುವಿಗೆ ಆ ಖಾತರಿ ಬೇಕೇ ಬೇಕು.

ಆದರೆ 150 ಬಹು ಆಯ್ಕೆ ಪ್ರಶ್ನೆ, ಎರಡೂವರೆ ಗಂಟೆ, ಶೇ 60 ಅಂಕ: ಇದು ಹೊಸಬರನ್ನು ಜರಡಿ ಹಿಡಿಯುವ ಕ್ರಮ. ಹಿಂದಿನ ಬೆಂಚಿನ ಮಗುವಿಗೆ ಭಿನ್ನರಾಶಿ ಅರ್ಥವಾಯಿತೇ ಎಂಬುದನ್ನು ಅದು ನೋಡುವುದಿಲ್ಲ. ಹಳಬರು ಹಿಂಬಾಗಿಲಿನಿಂದ ಬಂದವರಲ್ಲ. ತಾವು ಸೇರಿದ ದಿನದ ನಿಯಮಕ್ಕೆ ತಕ್ಕಂತೆ ನೇಮಕವಾದವರು. ಅವರ ಪಾಠವನ್ನು ತರಗತಿಯಲ್ಲೇ ಕೂತು ನೋಡುವ ಮೌಲ್ಯಮಾಪನವೂ ಲೆಕ್ಕಕ್ಕೆ ಬರಬೇಕು.

ಗಡುವು ಹಾಕಿದ್ದಾಯಿತು. ಪುಕ್ಕಟೆ ತರಬೇತಿ, ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಅವಕಾಶ, ಕಲಿಸುವ ಭಾಷೆಯಲ್ಲೇ ಪ್ರಶ್ನೆಪತ್ರಿಕೆ ಒದಗಿಸುವುದು ಸರ್ಕಾರಗಳ ಹೊಣೆ. ಅಕ್ಕಲಕೋಟೆಯ ಕನ್ನಡ ಶಾಲೆಯಲ್ಲಿ ಗಣಿತ ಹೇಳುವವರಿಗೆ ಗಣಿತದ ಪ್ರಶ್ನೆಯೂ ಕನ್ನಡದಲ್ಲೇ ಸಿಗಬೇಕು. ಅಂಥ ಶಾಲೆಯಿಂದ ಒಬ್ಬ ಮೇಷ್ಟ್ರು ಹೋದರೆ, ಆ ಜಾಗಕ್ಕೆ ಕನ್ನಡದಲ್ಲಿ ಕಲಿಸಬಲ್ಲ ಇನ್ನೊಬ್ಬರನ್ನು ತರುವುದು ಸುಲಭವಲ್ಲ.