ಬೆಂಗಳೂರು–ಸ್ಯಾನ್ ಫ್ರಾನ್ಸಿಸ್ಕೊ: ದೂರ ಒಂದೇ, ಸಮಯ ಮಾತ್ರ ಏಕೆ ಬೇರೆ ಬೇರೆ?

‘ಭೂಮಿ ಗಂಟೆಗೆ 1,600 ಕಿಲೋಮೀಟರ್ ವೇಗದಲ್ಲಿ ಪೂರ್ವಕ್ಕೆ ತಿರುಗುತ್ತದೆ. ಹಾಗಾದರೆ ಪಶ್ಚಿಮಕ್ಕೆ ಹೊರಟ ವಿಮಾನ ಬೇಗ ತಲುಪಬೇಕಲ್ಲವೇ? ವಿಮಾನಗಳು ಬೇಕೆಂದೇ ಸುತ್ತಿ ಬಳಸಿ ಹೋಗುತ್ತವೆ!’ ಇಂಥ ಫಾರ್ವರ್ಡ್‌ಗಳನ್ನು ನೀವೂ ನೋಡಿರಬಹುದು. ಇದರಲ್ಲಿರುವ ಎರಡೂ ವಾದಗಳು ತಪ್ಪು.

ಮೊದಲು ಸುತ್ತು ದಾರಿಯ ಮಾತು. 2021ರ ಜನವರಿಯಲ್ಲಿ ಏರ್ ಇಂಡಿಯಾ ಸ್ಯಾನ್ ಫ್ರಾನ್ಸಿಸ್ಕೊದಿಂದ ಬೆಂಗಳೂರಿಗೆ ನೇರ ವಿಮಾನ ಆರಂಭಿಸಿತು. ಕ್ಯಾಪ್ಟನ್ ಜೋಯಾ ಅಗರ್‌ವಾಲ್ ನೇತೃತ್ವದ ಮಹಿಳಾ ಪೈಲಟ್‌ಗಳ ತಂಡ ಮೊದಲ ವಿಮಾನವನ್ನು ಉತ್ತರ ಧ್ರುವದ ಮೇಲಿನಿಂದ ತಂದಿತು. ಗೋಡೆಯ ನಕ್ಷೆಯಲ್ಲಿ ನೋಡಿದರೆ ಇದು ಹುಚ್ಚಾಟ! ಆದರೆ ಈ ಎರಡು ಊರುಗಳು ಗ್ಲೋಬಿನ ಹೆಚ್ಚುಕಡಿಮೆ ಎದುರುಬದುರು ಬದಿಗಳಲ್ಲಿವೆ. ಗ್ಲೋಬಿನ ಮೇಲೆ ಎರಡರ ನಡುವೆ ಒಂದು ದಾರ ಬಿಗಿಯಾಗಿ ಹಿಡಿದು ನೋಡಿ, ಅದು ತಾನಾಗಿಯೇ ಧ್ರುವದ ಕಡೆಗೆ ಜಾರುತ್ತದೆ. ಆ ದಾರದ ಉದ್ದವೇ ನಿಮ್ಮ ಆ್ಯಪ್ ತೋರಿಸುವ ಸುಮಾರು 14,000 ಕಿಲೋಮೀಟರ್.

ಈಗ ಭೂಮಿಯ ತಿರುಗಾಟ. ರನ್‌ವೇ ಮೇಲೆ ನಿಂತಿರುವಾಗಲೇ ವಿಮಾನವೂ ಭೂಮಿಯ ಜೊತೆ ಸಾಗುತ್ತಿರುತ್ತದೆ, ಸುತ್ತಲಿನ ಗಾಳಿಯೂ ಅಷ್ಟೇ. ಓಡುವ ರೈಲಿನೊಳಗೆ ಎಸೆದ ಚೆಂಡು ನಿಮ್ಮ ಕೈಗೇ ಬೀಳುವುದಿಲ್ಲವೇ? ಹಾಗೆ.

ನಿಜವಾದ ಆಟಗಾರ ಗಾಳಿ. ಸುಮಾರು 10 ಕಿಲೋಮೀಟರ್ ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ‘ಜೆಟ್ ಸ್ಟ್ರೀಮ್’ ಎಂಬ ಬಿರುಗಾಳಿ ಹೊಳೆಯಂತೆ ಹರಿಯುತ್ತದೆ. 2020ರ ಫೆಬ್ರುವರಿಯಲ್ಲಿ ಬ್ರಿಟಿಷ್ ಏರ್‌ವೇಸ್‌ನ ವಿಮಾನವೊಂದು ಇದರ ಬೆನ್ನೇರಿ ನ್ಯೂಯಾರ್ಕ್‌ನಿಂದ ಲಂಡನ್‌ಗೆ 5 ಗಂಟೆಯೊಳಗೆ ಬಂದುಬಿಟ್ಟಿತು. ಅದೇ ದೂರ, ಗಾಳಿಗೆ ಎದುರಾಗಿ ವಾಪಸ್ ಹೋಗಲು 7–8 ಗಂಟೆ ಬೇಕು. ಫಾರ್ವರ್ಡ್ ಹೇಳಿದ್ದಕ್ಕೆ ಸರಿಯಾಗಿ ಉಲ್ಟಾ: ಬೇಗ ತಲುಪುವುದು ಪೂರ್ವಕ್ಕೆ ಹೊರಟವರು. ಇನ್ನು ಕೆಲವೊಮ್ಮೆ ರಾಜಕೀಯವೂ ಸಮಯ ತಿನ್ನುತ್ತದೆ. 2022ರಲ್ಲಿ ರಷ್ಯಾ ತನ್ನ ಆಕಾಶ ಮುಚ್ಚಿದ ಮೇಲೆ ಹೆಲ್ಸಿಂಕಿ–ಟೋಕಿಯೊ ಪ್ರಯಾಣ ಸುಮಾರು 9 ಗಂಟೆಯಿಂದ 13ಕ್ಕೆ ಏರಿತು.

ಹಾಗಾಗಿ 14,000ವನ್ನು ವಿಮಾನದ ವೇಗ 900ರಿಂದ ಭಾಗಿಸಿ ‘ಹದಿನೈದೂವರೆ ಗಂಟೆ’ ಎಂದು ಮನೆಯವರಿಗೆ ಮೆಸೇಜ್ ಕಳಿಸಬೇಡಿ. ಆ ಮೊದಲ ವಿಮಾನ ತೆಗೆದುಕೊಂಡದ್ದು ಸುಮಾರು 17 ಗಂಟೆ.

ಜನ ನಿಜಕ್ಕೂ ಎಡವುವುದು ತಾರೀಖಿನಲ್ಲಿ. ಆ ವಿಮಾನ ಜನವರಿ 9ರ ರಾತ್ರಿ ಹೊರಟು 11ರ ಬೆಳಗಿನ ಜಾವ ಇಳಿಯಿತು. ಚಳಿಗಾಲದಲ್ಲಿ ಬೆಂಗಳೂರಿನ ಗಡಿಯಾರ ಹದಿಮೂರೂವರೆ ಗಂಟೆ ಮುಂದಿರುತ್ತದೆ, ಬೇಸಿಗೆಯಲ್ಲಿ ಹನ್ನೆರಡೂವರೆ. ವಾಪಸ್ ಹೋಗುವಾಗ ಇನ್ನೂ ಮಜಾ: ಚಳಿಗಾಲದಲ್ಲಿ ಇಲ್ಲಿ ಮಧ್ಯಾಹ್ನ 2ಕ್ಕೆ ಹೊರಟು 16 ಗಂಟೆ ಹಾರಿದರೂ ಅಲ್ಲಿ ಅದೇ ದಿನ ಸಂಜೆ ನಾಲ್ಕೂವರೆ! ಟಿಕೆಟ್‌ನಲ್ಲಿ ಇಳಿಯುವ ಸಮಯದ ಪಕ್ಕ ಪುಟ್ಟದಾಗಿ ‘+2’ ಎಂದಿದ್ದರೆ, ಅಮ್ಮನನ್ನು ಕರೆತರಲು ದೇವನಹಳ್ಳಿಗೆ ಕಾರು ಹೊರಡಬೇಕಾದದ್ದು ಹೊರಟ ದಿನದಿಂದ ಎರಡು ದಿನ ಬಿಟ್ಟು. ಇಳಿಯುವುದು ಬೆಳಗಿನ ಜಾವವಾದರೆ ಅದರ ಹಿಂದಿನ ರಾತ್ರಿಯೇ.