ಹುಲ್ಲಿನ ಯಂತ್ರದ ಪೆಟ್ರೋಲು ಎಲ್ಲಿ ಹೋಯಿತು?

ಬಂಗಲೆಯ ಮುಂದಿನ ಹುಲ್ಲು ಕತ್ತರಿಸುವ ಹಳೆಯ ಯಂತ್ರಕ್ಕೆ ಸಂಜೆ ತುಂಬಿಸಿದ ಪೆಟ್ರೋಲು ಬೆಳಗಾಗುವಷ್ಟರಲ್ಲಿ ಒಂದು ಲೀಟರು ಕಡಮೆಯಾಗಿದ್ದರೆ, ತೋಟದಲ್ಲಿ ಮೊದಲು ಸಂಶಯ ಬೀಳುವುದು ಯಂತ್ರದ ಮೇಲಲ್ಲ, ಅದನ್ನು ತಳ್ಳುವ ಆಳಿನ ಮೇಲೆ. ರೈಟರು ಪುಸ್ತಕ ತೆರೆಯುತ್ತಾರೆ. ಮೇಸ್ತ್ರಿ ಆಳಿನ ಮುಖ ನೋಡುತ್ತಾನೆ. ವಾರದ ಬಟವಾಡೆಯಲ್ಲಿ ಹಿಡಿಯುವ ಮಾತು ಬರುತ್ತದೆ. ಸಾಹೇಬರೇ, ಕಾರ್ಬ್ಯುರೇಟರು ಸೋರುತ್ತಿದೆ ಎಂದು ಹೇಳಲು ಆ ಆಳಿಗೆ ಧೈರ್ಯ ಬರುವುದಿಲ್ಲ, ಯಾಕೆಂದರೆ ಅದರೊಳಗೆ ಏನಿದೆಯೆಂದು ಯಾರೂ ಅವನಿಗೆ ಬಿಚ್ಚಿ ತೋರಿಸಿಲ್ಲ. ಈ ಸಲ ನಾವು ಅದನ್ನೇ ಬಿಚ್ಚಿ ನೋಡುವ ಮನಸ್ಸು ಮಾಡಿದ್ದೇವೆ.

ಮೊದಲು ಲೆಕ್ಕ. ಒಂದು ಮಿಲಿಲೀಟರಿಗೆ 40 ಹನಿ ಎಂದು ಹಿಡಿಯೋಣ. ಸೆಕೆಂಡಿಗೆ ಒಂದು ಹನಿ ಸೋರಿದರೆ ಗಂಟೆಗೆ 3,600 ಹನಿ, ಅಂದರೆ 90 ಮಿಲಿಲೀಟರು. ಸಂಜೆ ಆರರಿಂದ ಬೆಳಗಿನ ಆರರವರೆಗೆ 1,080 ಮಿಲಿಲೀಟರು. ಒಂದು ಲೀಟರಿಗೂ ಮಿಕ್ಕಿತು! ಪೆಟ್ರೋಲು ನೀರಿನಂತೆ ಮಡುಗಟ್ಟಿ ನಿಂತು ಸಾಕ್ಷಿ ಹೇಳುವುದಿಲ್ಲ. ಮಣ್ಣಿನ ನೆಲಕ್ಕೆ ಇಂಗುತ್ತದೆ, ಉಳಿದದ್ದು ಆವಿಯಾಗುತ್ತದೆ. ಬೆಳಿಗ್ಗೆ ಶೆಡ್ಡಿನ ಬಾಗಿಲು ತೆರೆದವರಿಗೆ ವಾಸನೆ ಮಾತ್ರ. ಆ ವಾಸನೆ ಯಂತ್ರ ಇರುವ ಶೆಡ್ಡಿನಲ್ಲಿ ಸಹಜವೆಂದು ಎಲ್ಲರೂ ಬಿಟ್ಟುಬಿಡುತ್ತಾರೆ.

ಆದರೆ ಕೂಲಿ ಹಿಡಿಯುವುದಕ್ಕಿಂತ ದೊಡ್ಡ ಅಪಾಯ ಆ ವಾಸನೆಯಲ್ಲೇ ಇದೆ. ಪೆಟ್ರೋಲಿನ ಆವಿ ಗಾಳಿಗಿಂತ ಭಾರ. ಅದು ಮೇಲೇರಿ ಹೋಗದೆ ನೆಲದ ಮೇಲೆ ಹರಿದು ತಗ್ಗಿನಲ್ಲಿ ಕೂರುತ್ತದೆ. ಸೊನ್ನೆ ಡಿಗ್ರಿಗಿಂತ ಎಷ್ಟೋ ಕೆಳಗಿನ ಚಳಿಯಲ್ಲೂ ಬೆಂಕಿ ಹತ್ತುವಷ್ಟು ಆವಿ ಅದರಿಂದ ಏಳುತ್ತದೆ. ನಮ್ಮ ಬಿಸಿಲಿನಲ್ಲಿ ಕೇಳಬೇಕೆ? ಸೋರುವ ಯಂತ್ರವನ್ನು ಲೈನು ಮನೆಯ ಜಗಲಿಯಲ್ಲಿ, ಒಲೆಯ ಹತ್ತಿರ, ದೀಪ ಉರಿಯುವಲ್ಲಿ ಇಡುವುದು ಮಕ್ಕಳಿರುವ ಮನೆಯಲ್ಲಿ ಮಾಡಬಾರದ ಕೆಲಸ. ಶೆಡ್ಡು ಸಣ್ಣದೆಂದು ಯಂತ್ರವನ್ನು ಆಳಿನ ಮನೆಗೆ ಕಳಿಸುವ ತೋಟಗಳಿದ್ದರೆ ಅವು ಈ ಸಾಲನ್ನು ಎರಡು ಸಲ ಓದಲಿ.

ಈಗ ಒಳಗೆ ನೋಡೋಣ. ಮನೆಯ ಮೇಲಿನ ನೀರಿನ ತೊಟ್ಟಿಯಲ್ಲಿ ಚೆಂಡಿನ ನಲ್ಲಿ ನೋಡಿದ್ದೀರಿ. ನೀರು ಏರಿದಂತೆ ಚೆಂಡು ತೇಲಿ ನಲ್ಲಿಯನ್ನು ಮುಚ್ಚುತ್ತದೆ. ಕಾರ್ಬ್ಯುರೇಟರಿನ ಬಟ್ಟಲಿನಲ್ಲಿರುವುದೂ ಅದೇ ಉಪಾಯ. ಫ್ಲೋಟು ಪೆಟ್ರೋಲಿನಲ್ಲಿ ತೇಲಿ ಒಂದು ಸಣ್ಣ ಸೂಜಿಯನ್ನು ಮೇಲಕ್ಕೆ ಒತ್ತುತ್ತದೆ, ಸೂಜಿ ತೂತನ್ನು ಮುಚ್ಚುತ್ತದೆ. ಜರ್ಮನಿಯ ಮೇಬಾಖ್ 1893ರ ಹೊತ್ತಿಗೆ ಇಂಥ ಕಾರ್ಬ್ಯುರೇಟರನ್ನು ರೂಪಿಸಿದ. ಹುಲ್ಲು ಕತ್ತರಿಸುವ ಯಂತ್ರ ಅದಕ್ಕಿಂತ ಹಳೆಯದು. 1830ರಲ್ಲಿ ಇಂಗ್ಲೆಂಡಿನ ಸ್ಟ್ರೌಡ್ ಊರಿನ ಎಡ್ವಿನ್ ಬಡ್ಡಿಂಗ್ ಎಂಬ ಯಂತ್ರದ ಕೆಲಸಗಾರ, ಗಿರಣಿಯಲ್ಲಿ ಉಣ್ಣೆ ಬಟ್ಟೆಯ ಜುಂಗು ಕತ್ತರಿಸುವ ಯಂತ್ರವನ್ನು ನೋಡಿ ಅದನ್ನು ಹುಲ್ಲಿಗೆ ಇಳಿಸಿದ. ಬಂಗಲೆಯ ವೈಭವಕ್ಕೆ ಸೇರಿದ ಈ ವಸ್ತು ಹುಟ್ಟಿದ್ದು ದುಡಿಯುವವನ ಕೈಯಲ್ಲಿ ಎಂಬುದನ್ನು ನಾವು ಸಂತೋಷದಿಂದಲೇ ಹೇಳುತ್ತೇವೆ.

ಸೋರಿಕೆಗೆ ಕಾರಣ ಸಾಮಾನ್ಯವಾಗಿ ಸೂಜಿಯ ಹತ್ತಿರವೇ ಸಿಗುತ್ತದೆ. ಟ್ಯಾಂಕಿನ ತುಕ್ಕಿನ ಚೂರೊಂದು ಸೂಜಿಗೂ ಅದರ ಕೂರುವ ಜಾಗಕ್ಕೂ ನಡುವೆ ಸಿಕ್ಕಿಕೊಂಡರೆ ಸಾಕು, ತೂತು ಮುಚ್ಚುವುದಿಲ್ಲ. ಸೂಜಿಯ ತುದಿ ಸವೆದು ಸುತ್ತಲೂ ಗೆರೆ ಬಿದ್ದಿದ್ದರೂ ಹಾಗೆಯೇ. ಫ್ಲೋಟು ತೂತಾಗಿ ಒಳಗೆ ಪೆಟ್ರೋಲು ತುಂಬಿದರೆ ಅದು ತೇಲದೆ ಮುಳುಗುತ್ತದೆ. ಬಟ್ಟಲಿನ ಅಂಚಿನ ರಬ್ಬರು ಉಂಗುರ ಒಣಗಿ ಬಿರಿದಿದ್ದರೆ ಅಲ್ಲಿಂದಲೂ ಜಿನುಗುತ್ತದೆ. ಈಗಿನ ಪೆಟ್ರೋಲಿನದು ಇನ್ನೊಂದು ತಂಟೆ. 2025ರ ಹೊತ್ತಿಗೆ ನಮ್ಮ ದೇಶದಲ್ಲಿ ಪೆಟ್ರೋಲಿಗೆ ನೂರಕ್ಕೆ 20ರಷ್ಟು ಎಥನಾಲು ಬೆರೆಸುವುದು ರೂಢಿಗೆ ಬಂತು. ಎಥನಾಲು ಗಾಳಿಯ ತೇವವನ್ನು ಹೀರುತ್ತದೆ, ಹಳೆಯ ಕಾಲದ ರಬ್ಬರನ್ನು ಉಬ್ಬಿಸಿ ಕೆಡಿಸುತ್ತದೆ. ಹಳೆಯ ಯಂತ್ರಕ್ಕೆ ಹೊಸ ರಬ್ಬರು ಹಾಕದೆ ಗತಿಯಿಲ್ಲ.

ಕೆಲಸ ಹೀಗೆ. ಎಂಜಿನು ಪೂರ್ತಿ ಆರಿದ ಮೇಲೆ ಯಂತ್ರವನ್ನು ಬಯಲಿಗೆ ತನ್ನಿ. ಬೀಡಿ ದೂರವಿರಲಿ. ಪ್ಲಗ್ಗಿನ ತಂತಿಯನ್ನು ಕಳಚಿ. ಇದನ್ನು ಮರೆತು ಅಲಗಿನ ಹತ್ತಿರ ಬೆರಳಿಡಬೇಡಿ. ಪೆಟ್ರೋಲು ಕಾಕನ್ನು ಮುಚ್ಚಿ, ಕಾಕಿಲ್ಲದಿದ್ದರೆ ಟ್ಯಾಂಕು ಖಾಲಿ ಮಾಡಿ. ಕೊಳವೆಗೆ ಬಾಯಿ ಹಚ್ಚಿ ಪೆಟ್ರೋಲು ಎಳೆಯುವ ಅಭ್ಯಾಸ ನಮ್ಮಲ್ಲಿ ಬಹಳ. ಒಂದು ಗುಟುಕು ತಪ್ಪಿ ಶ್ವಾಸಕ್ಕೆ ಹೋದರೆ ಪುಪ್ಪುಸ ಸುಡುತ್ತದೆ, ಜೀವಕ್ಕೇ ಸಂಚಕಾರ. ಅದನ್ನು ಇಂದೇ ಬಿಡಿ.

ಬಟ್ಟಲಿನ ಕೆಳಗಿನ ನಟ್ಟು ತೆಗೆದರೆ ಬಟ್ಟಲು ಕೈಗೆ ಬರುತ್ತದೆ. ಕೆಲವು ಎಂಜಿನುಗಳಲ್ಲಿ ಜೆಟ್ಟು ಆ ನಟ್ಟಿನೊಳಗೇ ಇರುವುದರಿಂದ ಅದನ್ನು ಹುಲ್ಲಿನಲ್ಲಿ ಕಳೆಯಬೇಡಿ, ತಟ್ಟೆಯಲ್ಲಿಡಿ. ಫ್ಲೋಟಿನ ಪಿನ್ನು ಎಳೆದು ಫ್ಲೋಟನ್ನು ಕಿವಿಯ ಹತ್ತಿರ ಅಲ್ಲಾಡಿಸಿ. ಒಳಗೆ ದ್ರವದ ಸದ್ದು ಬಂದರೆ ಅದು ಹೋಯಿತು. ಹಿತ್ತಾಳೆಯ ಫ್ಲೋಟಾದರೆ, ಒಲೆಯಿಂದ ದೂರ ತಂದ ಬಿಸಿನೀರಿನಲ್ಲಿ ಮುಳುಗಿಸಿ ಹಿಡಿಯಿರಿ, ಗುಳ್ಳೆ ಎದ್ದ ಕಡೆ ತೂತು. ಅದನ್ನು ಬೆಸೆಯಲು ಹೋಗಬೇಡಿ. ಒಳಗೆ ಪೆಟ್ರೋಲಿನ ಆವಿ ಉಳಿದಿರುತ್ತದೆ, ಹೊಸದೇ ಲೇಸು. ಸೂಜಿಯ ತುದಿಯನ್ನು ಬೆಳಕಿಗೆ ಹಿಡಿದು ನೋಡಿ, ಗೆರೆಯಿದ್ದರೆ ಬದಲಿಸಿ. ಜೆಟ್ಟಿನ ತೂತಿಗೆ ಕಬ್ಬಿಣದ ತಂತಿ ತೂರಿಸಿದರೆ ಮೆತ್ತನೆಯ ಹಿತ್ತಾಳೆ ಅಗಲವಾಗಿ ಯಂತ್ರ ಎಂದೆಂದಿಗೂ ಹೊಗೆ ಉಗುಳುತ್ತದೆ. ಸೈಕಲ್ ಪಂಪಿನ ಗಾಳಿ ಸಾಕು. ತಿರುಗಿ ಜೋಡಿಸುವಾಗ ಕಾರ್ಬ್ಯುರೇಟರನ್ನು ತಲೆಕೆಳಗು ಹಿಡಿದರೆ ಬಹಳ ಮಾದರಿಗಳಲ್ಲಿ ಫ್ಲೋಟು ಅಂಚಿಗೆ ಸಮನಾಗಿ ನಿಲ್ಲಬೇಕು. ಆಮೇಲೆ ಕಾಕು ತೆರೆದು ಅರ್ಧ ಗಂಟೆ ಕೆಳಗೆ ಡಬ್ಬಿಯಿಟ್ಟು ಕಾಯಿರಿ. ಎಂಜಿನು ಶುರು ಮಾಡುವ ಮುಂಚೆ ಆಯಿಲಿನ ಅಳತೆ ನೋಡಲೇಬೇಕು. ಅದು ಏರಿದ್ದು ಪೆಟ್ರೋಲಿನ ವಾಸನೆ ಬಂದರೆ, ಸೋರಿದ್ದು ಒಳಗೂ ಇಳಿದಿದೆ. ಆ ಆಯಿಲು ಚೆಲ್ಲಿ ಹೊಸದು ಹಾಕದೆ ತಿರುಗಿಸಿದರೆ ಎಂಜಿನು ಹಾಳು, ಬೆಂಕಿಯ ಭಯ ಬೇರೆ.

ಕಾಫಿ ತೋಟದಲ್ಲಿ ಹೆಗಲಿಗೆ ಹಾಕಿ ಕಳೆ ಕತ್ತರಿಸುವ ಯಂತ್ರಗಳಿಗೆ ಈ ಮಾತು ಪೂರ್ತಿ ಹೊಂದುವುದಿಲ್ಲ. ಅವನ್ನು ಹೇಗೆಂದರೆ ಹಾಗೆ ಓರೆ ಮಾಡಬೇಕಾದ್ದರಿಂದ ಅವುಗಳಲ್ಲಿ ಸಾಮಾನ್ಯವಾಗಿ ಫ್ಲೋಟಿರುವುದಿಲ್ಲ, ತೆಳು ಪೊರೆಯೊಂದು ಆ ಕೆಲಸ ಮಾಡುತ್ತದೆ. ತಳ್ಳುವ ಯಂತ್ರವನ್ನು ಮಾತ್ರ ಅಲಗು ತೊಳೆಯಲು ಮಗುಚುವಾಗ ಕಾರ್ಬ್ಯುರೇಟರು ಮೇಲ್ಮುಖವಾಗಿರಲಿ. ಎಷ್ಟೋ ಸೋರಿಕೆ ಇಷ್ಟರಿಂದಲೇ ನಿಲ್ಲುತ್ತದೆ.

ಕೂಲಿ ಹಿಡಿಯುವ ವಿಷಯಕ್ಕೆ ಬರೋಣ. ಕೆಲಸಗಾರನಿಗೆ ಒಪ್ಪಿಸಿದ ವಸ್ತು ನಷ್ಟವಾದರೆ ಕೂಲಿಯಲ್ಲಿ ಕಡಿತ ಮಾಡಲು ಕಾಯಿದೆಯಲ್ಲಿ ಅವಕಾಶವಿದೆ, ನಿಜ. ಆದರೆ ನಷ್ಟ ನೇರವಾಗಿ ಅವನ ಅಲಕ್ಷ್ಯದಿಂದಲೇ ಆಗಿರಬೇಕು, ಕಡಿತ ನಷ್ಟದ ಮೊತ್ತವನ್ನು ಮೀರಬಾರದು, ಅವನ ಸಮಜಾಯಿಷಿ ಕೇಳದೆ ಕಡಿತ ಮಾಡಲೇಬಾರದು. 1936ರ ವೇತನ ಪಾವತಿ ಕಾಯಿದೆ ಹೀಗೆ ಹೇಳಿತ್ತು. ಅದರ ಸ್ಥಾನಕ್ಕೆ 2025ರ ನವೆಂಬರ್ 21ರಂದು ಜಾರಿಗೆ ಬಂದ 2019ರ ವೇತನ ಸಂಹಿತೆಯೂ ಅದನ್ನೇ ಹೇಳುತ್ತದೆ. ಸವೆದ ಸೂಜಿ ಆಳಿನ ಅಲಕ್ಷ್ಯವಲ್ಲ. ಆದ್ದರಿಂದ ಮಾತು ಬೆಳೆಯುವ ಮುಂಚೆಯೇ ರೈಟರನ್ನು ಕರೆದು, ಅವರ ಕಣ್ಣೆದುರು ಡಬ್ಬಿಯಿಟ್ಟು ಅರ್ಧ ಗಂಟೆಯ ಹನಿ ಅಳೆದು ತೋರಿಸಿ. ಜಗಳಕ್ಕಿಂತ ಆ ಡಬ್ಬಿ ಚೆನ್ನಾಗಿ ವಾದಿಸುತ್ತದೆ. ಯಂತ್ರ ಬಿಚ್ಚಿ ಜೋಡಿಸಿದ ಹೊತ್ತೂ ದುಡಿಮೆಯ ಹೊತ್ತೇ. ಅದನ್ನು ಚೆಕ್‌ರೋಲಿನಲ್ಲಿ ಬರೆಸಿಕೊಳ್ಳಲು ಸಂಕೋಚಪಡಬೇಕಾಗಿಲ್ಲ.

ಸೆಟ್ಟೂರು, ಕಲ್ಯಾಣದುರ್ಗದ ಕಡೆಯ ಓದುಗರಿಗೆ ಹುಲ್ಲುಹಾಸಿನ ಮಾತು ನಗು ತರಿಸೀತು. ವರ್ಷಕ್ಕೆ ಸುಮಾರು 550 ಮಿಲಿಮೀಟರು ಮಳೆ ಕಾಣುವ ಅನಂತಪುರದ ಸೀಮೆಯಲ್ಲಿ ದನಕ್ಕೇ ಹುಲ್ಲು ಸಾಲದು, ಕತ್ತರಿಸಿ ಎಸೆಯುವುದೆಲ್ಲಿ ಬಂತು! ಆದರೆ ಸಣ್ಣ ಪೆಟ್ರೋಲು ಪಂಪಿನಲ್ಲೂ ಜನರೇಟರಿನಲ್ಲೂ ಹಳೆಯ ಮೋಟಾರು ಸೈಕಲ್ಲಿನಲ್ಲೂ ಇದೇ ಫ್ಲೋಟು, ಇದೇ ಸೂಜಿ. ಒಣ ಸೀಮೆಯಲ್ಲಿ ಇಂಥ ಯಂತ್ರ ತಿಂಗಳುಗಟ್ಟಲೆ ಸುಮ್ಮನೆ ಬಿದ್ದಿರುವುದೇ ಹೆಚ್ಚು. ಬಟ್ಟಲಿನಲ್ಲಿ ಉಳಿದ ಪೆಟ್ರೋಲು ಆವಿಯಾಗಿ ಅಂಟು ಮಾತ್ರ ಉಳಿಯುತ್ತದೆ, ಸೂಜಿ ಅದರಲ್ಲಿ ಹಿಡಿದುಕೊಳ್ಳುತ್ತದೆ, ಮಳೆಗಾಲದಲ್ಲಿ ಪೆಟ್ರೋಲು ಹಾಕಿದೊಡನೆ ಸುರಿಯಲು ಶುರು. ಎತ್ತಿಡುವಾಗ ಟ್ಯಾಂಕನ್ನೂ ಬಟ್ಟಲನ್ನೂ ಬರಿದು ಮಾಡಿ. ಪೇಟೆಗೆ ಸೂಜಿ ತರಲು ಹೋಗುವವರು ಹಳೆಯ ಸೂಜಿಯನ್ನೂ ರಬ್ಬರು ಉಂಗುರವನ್ನೂ ಕಾಗದದಲ್ಲಿ ಸುತ್ತಿ ಜೇಬಿನಲ್ಲಿಟ್ಟುಕೊಂಡು ಹೋಗಲಿ. ಅಳತೆ ಬಾಯಲ್ಲಿ ಹೇಳಿ ತಂದದ್ದು ಹತ್ತರಲ್ಲಿ ಒಂದು ಕೂತರೆ ಹೆಚ್ಚು.